ಮೂವತ್ತು ಎಣಿಸುವಷ್ಟರಲ್ಲಿ

ಹುಲ್ಲಿನ ಕೊಟ್ಟಿಗೆಯಿಂದ ಎಳೆದು ತಂದಾಗ
ಅದು ದೋಣಿಯಂತಿರಲಿಲ್ಲ.
ಎರಡೂ ಮಗ್ಗುಲು ಸಡಿಲಿ, ಬಾಯಿ ಅಗಲಿಸಿ,
ಯಾರೋ ಬಿಚ್ಚಿಟ್ಟು ಮರೆತ ಅಂಗಿ.
ಒಳಗೆ ಬೆಕ್ಕು ಮರಿ ಹಾಕಿತ್ತು;
ಮರಿಗಳು ಕಣ್ಣು ಬಿಡಲೆಂದು ಹನ್ನೊಂದು ದಿನ ಕಾದಿದ್ದೆವು.

ಹೀಯುಮಾ ದ್ವೀಪದ ಉತ್ತರ ದಂಡೆಯಲ್ಲಿ
ಬಾಲ್ಟಿಕ್ಕಿನ ಗಾಳಿಗೆ ಮೇ ತಿಂಗಳಲ್ಲೂ ಕೈ ಸೆಡೆಯುತ್ತದೆ.
ನಾನು ಹಡಗುಕಟ್ಟೆಯಲ್ಲಿ ಟಿಕೆಟ್ ಹರಿಯುವವಳು,
ದಿನವೂ ಜನರನ್ನು ದಾಟಿಸುತ್ತೇನೆ, ಕೂತಲ್ಲಿಂದಲೇ.
ಬಡಗಿ ಕಾಲ್ಯೊ ಬಂದ, ತೋರುಬೆರಳಿನ ತುದಿಯಿಲ್ಲದವ,
ಆ ಮೊಂಡು ಬೆರಳಲ್ಲೇ ಹಲಗೆ ಹಲಗೆ ತಟ್ಟಿದ
ಡಾಕ್ಟರು ಎದೆ ತಟ್ಟಿ ಕೇಳುವ ಹಾಗೆ.
"ಹಲಗೆ ಗಟ್ಟಿ. ಅಡಿಮರ ಗಟ್ಟಿ.
ಪಕ್ಕೆಲುಬು ಹೋಗಿವೆ, ಹದಿನಾಲ್ಕರಲ್ಲಿ ಏಳು."

ಹೋಗಿವೆ ಅಂದರೆ ಕೊಳೆತಿವೆ ಅಂದುಕೊಂಡೆ.

ಮನೆಯಲ್ಲಿ ಈ ದೋಣಿಯ ಮಾತು ಬಂದರೆ
ಸಾಲ್ಮೆ ಅತ್ತೆ ತಟ್ಟೆ ಸರಿಸಿ ಏಳುತ್ತಿದ್ದಳು.
ಯುದ್ಧದ ಆ ಶರತ್ಕಾಲ
ನೆರೆಯವರು ರಾತ್ರೋರಾತ್ರಿ ಹುಟ್ಟು ಹಾಕಿ
ಸ್ವೀಡನ್ನಿನ ಕಡೆ ಹೊರಟರು,
ಕೆಲವರು ಮುಟ್ಟಿದರು, ಕೆಲವರು ಮುಟ್ಟಲಿಲ್ಲ.
ಅಜ್ಜ ಪ್ರೀದು ಗರಗಸ ಹಿಡಿದು ಕೊಟ್ಟಿಗೆಗೆ ಹೋದ,
ಬೆಳಗ್ಗೆ ಬಂದು ಗಂಜಿ ಕೇಳಿದ.
ಹತ್ತು ವರ್ಷದ ಸಾಲ್ಮೆ ಕೋಟು ತೊಟ್ಟು
ಬೂಟಿನ ದಾರ ಕಟ್ಟಿ ಬಾಗಿಲಲ್ಲೇ ಬೆಳಗು ಮಾಡಿದ್ದಳು.
ಎಂಬತ್ತು ವರ್ಷ ಅವಳ ಬಾಯಲ್ಲಿ ಒಂದೇ ಮಾತು:
ಹೇಡಿಯ ಗರಗಸಕ್ಕೆ ಹಲ್ಲು ಹೆಚ್ಚು.

ಕಾಲ್ಯೊ ಮಂಡಿಯೂರಿ ಮಸಿ ಒರೆಸಿದ.
"ಬಾ ಇಲ್ಲಿ. ಇದು ಮುರಿದದ್ದಲ್ಲ, ಕೊಯ್ದದ್ದು.
ಸಿಟ್ಟಿನಲ್ಲಿ ಕೊಯ್ದವ ಹೀಗೆ ಓರೆಯಾಗಿ ಕೊಯ್ಯುವುದಿಲ್ಲ,
ಒಂದು ಬಿಟ್ಟು ಒಂದು, ಹಲಗೆಗೆ ಗೀರೂ ಬೀಳದಂತೆ."
ಚಾಕುವಿನ ಮೊನೆಯಲ್ಲಿ ಕೊರೆದ ಅಂಕಿ, ಒಂದರಿಂದ ಏಳು,
ಗಾಯದ ಎರಡೂ ಕಡೆ ಅದೇ ಅಂಕಿ,
ಮತ್ತೆ ಕೂಡಿಸಬೇಕಾದವನು ಬರೆದಿಡುವ ಹಾಗೆ.
ಗಡಿಯ ಕಾವಲಿನವರು ಬೂಟಿನಲ್ಲಿ ಒದ್ದು
ಸತ್ತ ದೋಣಿ ಎಂದು ಬರೆದುಕೊಂಡು ಹೋಗಿರಬೇಕು.
ಬದುಕಿದ್ದವನ್ನೆಲ್ಲ ದಂಡೆಯಲ್ಲಿ ಸುಟ್ಟರಂತೆ.

ಒಣಗಿದ ತುಂಡು, ಈಗ ಕೂಡಿಸಿದರೆ ನಿಲ್ಲದು.
ಆಶ್ ಮರದ ಪಟ್ಟಿ ಸೀಳಿದೆವು,
ಹಳೆ ಚರಂಡಿ ಪೈಪಿನೊಳಗಿಟ್ಟು, ಬಾಯಿಗೆ ಚಿಂದಿ ತುರುಕಿ
ಕೆಟಲ್ಲಿನ ಹಬೆ ಬಿಟ್ಟೆವು.
ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?
ಬಗ್ಗುತ್ತದೆ, ಒಂದು ಗಂಟೆ ಬೆಂದ ಮೇಲೆ,
ಮೂವತ್ತು ಎಣಿಸುವಷ್ಟರಲ್ಲಿ.
ಆಮೇಲೆ ತಾನು ಮರವೆಂಬುದು ಅದಕ್ಕೆ ನೆನಪಾಗುತ್ತದೆ.
ಎರಡನೆಯ ಪಟ್ಟಿ ಲಟಕ್ಕೆಂದು ಸೀಳಿತು;
ಕಾಲ್ಯೊ ಬೈಯಲಿಲ್ಲ, ಒಲೆಗೆ ಹಾಕಿದ,
ಅದೇ ಮುಂದಿನದಕ್ಕೆ ಹಬೆಯಾಯಿತು.

ಒಳಗೆ ಅವನ ಸುತ್ತಿಗೆ, ಹೊರಗೆ ನನ್ನ ಕಬ್ಬಿಣ,
ನಡುವೆ ತಾಮ್ರದ ಮೊಳೆ.
ಟಕ್ ಎಂದರೆ ಹಿಡಿ. ಟಕ್ ಟಕ್ ಎಂದರೆ ಬಿಡು.
ಮುಖ ಕಾಣದವರೊಂದಿಗೆ ನಾನು
ಇಷ್ಟು ಮಾತಾಡಿದ್ದು ಇದೇ ಮೊದಲು.

ನಾಲ್ಕನೆಯದು ಬೇಯುತ್ತಿದ್ದಾಗ ಸಾಲ್ಮೆಯನ್ನು ಕರೆತಂದೆ,
ಕುರ್ಚಿ ಕೊಟ್ಟು, ಹಳೆಯ ತುಂಡನ್ನು ಮಡಿಲಲ್ಲಿಟ್ಟೆ.
ಕಣ್ಣು ಮಂಜು. ಹೆಬ್ಬೆರಳಲ್ಲಿ ಸವರಿದಳು.
ಅಪ್ಪನ ನಾಲ್ಕು, ತಲೆಕೆಳಗಾದ ಕುರ್ಚಿಯಂಥದ್ದು.
ಸವರಿದಳು, ಮತ್ತೆ ಸವರಿದಳು.
ಅತ್ತಾಳು ಅಂದುಕೊಂಡೆ.

"ಹಾಗಾದರೆ," ಅಂದಳು, "ಯಾಕೆ ಕೂಡಿಸಲಿಲ್ಲ?
ಆಮೇಲೂ ಮೂವತ್ತೊಂದು ವರ್ಷ ಬದುಕಿದ್ದನಲ್ಲ."

ನಾನು ಬಾಯಿ ತೆರೆದೆ.
ಕಾಲ್ಯೊ ಚಿಂದಿ ಕಿತ್ತು "ಬಂತು!" ಎಂದು ಕೂಗಿದ,
ಬಿಸಿ ಪಟ್ಟಿ ಹಬೆಯುಗುಳುತ್ತ ಹೊರಬಿತ್ತು,
ನಾನು ಕಬ್ಬಿಣ ಹಿಡಿದು ದೋಣಿಯ ಆ ಮಗ್ಗುಲಿಗೆ ಓಡಿದೆ.
ಹಲಗೆಯ ಆಚೆಯಿಂದ ಅವಳ ದನಿ,
ಸಿಟ್ಟು ಇಳಿಯದ, ಲೆಕ್ಕ ತಪ್ಪದ ದನಿ,
ಒಂದು, ಎರಡು, ಮೂರು,
ಬಾಗಿಲಲ್ಲಿ ಬೂಟು ಕಟ್ಟಿ ನಿಂತ ಹುಡುಗಿ
ಆ ರಾತ್ರಿ ಎಣಿಸಿರಬಹುದಾದ ಹಾಗೆ.
ಹದಿನೆಂಟಕ್ಕೆ ಮರ ಕೂತಿತು.
ಅವಳು ಎಣಿಸುವುದನ್ನು ನಿಲ್ಲಿಸಲಿಲ್ಲ.